ಮುದಿಯಪ್ಪನ ಕಾಲೂ ಸಂತೆಯ ಚೀಲವೂ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮುದಿಯಪ್ಪನಿಗೆ ಕಾಲುಗಳಿವೆ ಎಂಬ ಸಂಗತಿ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ. ವಾರದಲ್ಲಿ ಆರು ದಿನ ಆತ ಸೊಂಟದವರೆಗೆ ನೆಲದೊಳಗೇ ಇರುತ್ತಿದ್ದ. ಕುಣಿ ಮಗ್ಗದ ಕೆಲಸವೇ ಹಾಗೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ಹಲಗೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ಸೀರೆ ನೇಯಬೇಕು. ಬೀದಿಯಲ್ಲಿ ಹೋಗುವವರಿಗೆ ಕಿಟಕಿಯಿಂದ ಕಾಣುತ್ತಿದ್ದುದು ಒಂದು ಬನಿಯನ್ನು, ಎರಡು ಕೈ, ಒಂದು ಮೀಸೆ, ಇಷ್ಟೇ. ಮೂವತ್ತೈದು ವರ್ಷದ ಹಿಂದೆ ಹೆಣ್ಣು ಕೊಡಲು ಬಂದ ಬೀಗರು, ಹುಡುಗ ಪೂರ್ತಿ ಇದ್ದಾನೋ ಅರ್ಧವೇ ಇದ್ದಾನೋ ಎಂದು ಅನುಮಾನ ಬಂದು, ಆತ ಎದ್ದು ನಿಂತು ತೋರಿಸುವವರೆಗೆ ಚಹಾ ಮುಟ್ಟಿರಲಿಲ್ಲ.

ಏಳನೆಯ ದಿನ ಸಂತೆ. ಅಂದು ಬೆಳಗ್ಗೆ ಮುದಿಯಪ್ಪ ಕುಣಿಯಿಂದ ಮೇಲೇಳುತ್ತಿದ್ದ. ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟು, ಗೋಡೆಯ ಗೂಟದಲ್ಲಿದ್ದ ಚೀಲವನ್ನು ಹೆಗಲಿಗೇರಿಸಿ ಹೊರಬಿದ್ದರೆ ಓಣಿಯ ನಾಯಿಗಳು, ಯಾರೋ ಪರವೂರಿನ ಎತ್ತರದ ಮನುಷ್ಯ ಬಂದನೆಂದು ಬೊಗಳುತ್ತಿದ್ದವು. ಆ ಚೀಲ ಆತ ಮಗ್ಗದಲ್ಲಿ ಉಳಿದ ನೂಲಿನಿಂದ ತಾನೇ ನೇಯ್ದದ್ದು. ಅದು ಎಷ್ಟು ಅಗಲವಿತ್ತೆಂದರೆ, ಒಮ್ಮೆ ಪಕ್ಕದ ಮನೆಯ ಆಡಿನ ಮರಿ ಒಳಗೆ ಹೋಗಿ ಮಲಗಿ, ಓಣಿಯವರೆಲ್ಲ ಎರಡು ದಿನ ಅದನ್ನು ಗುಡ್ಡದ ಮೇಲೆ ಹುಡುಕಿದ್ದರು.

ಆರು ದಿನ ಕುಣಿಯಲ್ಲಿದ್ದ ಕಾಲಿಗೆ ಏಳನೆಯ ದಿನ ಧೂಳು ಸಿಕ್ಕರೆ ಅದು ಬಿಡುತ್ತದೆಯೇ? ಮುದಿಯಪ್ಪನ ಕಾಲು ಸಂತೆಯ ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಕಾಲು ಎಲ್ಲಿಗೆ ಹೋದರೆ ಮೂಗು ಅಲ್ಲಿಗೆ, ಮೂಗಿನ ಹಿಂದೆ ಕೈ, ಕೈಯ ಹಿಂದೆ ಕಿಸೆ. ಸಂತೆಯ ನಟ್ಟನಡುವೆ ಯಮನೂರನ ಮಿರ್ಚಿ ಬಂಡಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ವಿದ್ಯುತ್ತಿಗಾಗಿ ತಿರುಗುತ್ತವೆಂದು ಊರೆಲ್ಲ ತಿಳಿದಿತ್ತು. ಯಮನೂರನ ಎಣ್ಣೆಯ ವಾಸನೆಯನ್ನು ತನ್ನ ಮೂಗಿಗೆ ತಂದು ಮುಟ್ಟಿಸಲೆಂದೇ ಅವನ್ನು ನಿಲ್ಲಿಸಿದ್ದಾರೆ ಎಂದು ಮುದಿಯಪ್ಪ ತಿಳಿದಿದ್ದ. ಅಲ್ಲಿ ಎರಡು ಪ್ಲೇಟು ಮಿರ್ಚಿ. ಅದು ಒಂಟಿಯಾಗಬಾರದೆಂದು ಒಂದು ಗಿರಮಿಟ್ಟು. ಖಾರ ಹತ್ತಿತೆಂದು ಪಾವು ಕಿಲೋ ಜಿಲೇಬಿ. ಆಮೇಲೆ ಮನೆಯವರ ನೆನಪು ಬಂದು ಎಲ್ಲವನ್ನೂ ಇನ್ನೊಮ್ಮೆ ಕಟ್ಟಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಯಾರೋ "ಹತ್ತು ರೂಪಾಯಿಗೆ ಗುಂಪಿ, ಹತ್ತು ರೂಪಾಯಿಗೆ ಗುಂಪಿ" ಎಂದು ಕೂಗಿದರೆ ಬದನೆಕಾಯಿಯ ಆ ಗುಂಪಿಯನ್ನು ಅನಾಥ ಮಕ್ಕಳನ್ನು ನೋಡಿದಂತೆ ನೋಡಿ, ಮೂರು ಗುಂಪಿಗಳನ್ನು ಒಟ್ಟಿಗೇ ದತ್ತು ತೆಗೆದುಕೊಳ್ಳುತ್ತಿದ್ದ.

ಹೀಗೆ ನಡೆದಿತ್ತು. ಈ ವರ್ಷ ಎಣ್ಣೆಯ ದರ ಏರಿ, ಬೇಳೆಯ ದರ ಅದನ್ನು ಹಿಡಿಯಲು ಓಡಿದಾಗ, ಒಂದು ಸಂಜೆ ಸೊಸೆ ದೇವಿಕಾ ಫೋನಿನಲ್ಲಿ ತಿಂಗಳ ಖರ್ಚನ್ನು ಕೂಡಿಸಿದಳು. ಕೂಡಿಸಿ, ಫೋನು ಕೆಟ್ಟಿದೆಯೆಂದು ಆರಿಸಿ ಹಚ್ಚಿ, ಮತ್ತೆ ಕೂಡಿಸಿದಳು.

"ಅತ್ತಿ, ನಾಕ ಮಂದಿಗೆ ಒಂಬತ್ತು ಸಾವಿರದ ನಾಕನೂರು ಆಗೇತಿ."

ಮಗ್ಗದ ಪಕ್ಕ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದಿಯಪ್ಪನ ಹೆಂಡತಿ ಕಳಕವ್ವ ಕೈ ನಿಲ್ಲಿಸಿದಳು. ಆಕೆ ಕೈ ನಿಲ್ಲಿಸಿದರೆ ಮನೆಯ ಎರಡೂ ಮಗ್ಗ ನಿಲ್ಲುತ್ತಿದ್ದವು. ಎದುರಿನ ಮಗ್ಗದಲ್ಲಿದ್ದ ಮಗ ಶರಣು ತಲೆ ತಗ್ಗಿಸಿದ. ಅವನು ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

"ಏನ್ರಿ, ಇದು ಮನಿಯೋ ಖಾನಾವಳಿಯೋ?"

"ದರ ಏರ್ಯಾವಲ್ಲ," ಎಂದ ಮುದಿಯಪ್ಪ, ಲಾಳಿಯನ್ನು ನೋಡುತ್ತ.

"ದರ ಏರಿದ್ದು ಎಣ್ಣಿಗೆ. ಇಲ್ಲಿ ಎಣ್ಣಿಗಿಂತ ಜಿಲೇಬಿ ಮುಂದ ಐತಿ. ಬೆಂಡು ಬತ್ತಾಸ ಯಾರಿಗ್ರಿ? ಮನ್ಯಾಗ ಕೂಸಿಲ್ಲ ಕುನ್ನಿಲ್ಲ. ಹ್ವಾದ ವಾರದ ಬದನಿಕಾಯಿ ಇನ್ನೂ ಮೂಲ್ಯಾಗ ಕುಂತು ನನ್ನ ಮಾರಿ ನೋಡಾಕತ್ತಾವ."

"ಅಗ್ಗ ಸಿಕ್ಕವು."

"ಅಗ್ಗ ಸಿಕ್ಕವಂತ ನಾ ನಿಮಗ ಇನ್ನಿಬ್ಬರು ಹೆಂಡ್ತೀನ ತಂದೇನೇನು?"

ಮುದಿಯಪ್ಪ ಲಾಳಿಯಲ್ಲಿ ಕಂಡಿಕೆ ಬದಲಿಸಿದ. ಉತ್ತರ ಇರಲಿಲ್ಲವೆಂದಲ್ಲ, ಸೊಸೆ ಎದುರಿಗಿದ್ದಳು.

ಕಳಕವ್ವ ಎದ್ದು ಗೂಟದಿಂದ ಚೀಲ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. "ನಾಕ ಸಂತಿ ಕೊಡ್ತೇನಿ. ನಾಕ ಸಂತ್ಯಾಗ ನೀವು ಹಾದಿಗೆ ಬಂದ್ರ ಚೀಲ ನಿಮ್ಮದು. ಬರಲಿಲ್ಲಂದ್ರ ಚೀಲ ನಂದು, ಸಂತಿಗೆ ನಾ ಹೋಗ್ತೇನಿ, ನೀವು ಸಂತಿ ದಿನಾನೂ ಇಲ್ಲೇ ಕುಣ್ಯಾಗ ಕೂಡ್ರಿ."

ಮುದಿಯಪ್ಪ ಕುಣಿಯೊಳಗಿನ ಕಾಲುಗಳನ್ನು ಬಗ್ಗಿ ನೋಡಿದ. ಮಿರ್ಚಿ ಹೋದರೆ ಹೋಗಲಿ, ಜಿಲೇಬಿ ಹೋದರೆ ಹೋಗಲಿ. ಏಳಕ್ಕೆ ಏಳೂ ದಿನ ಕುಣಿಯಲ್ಲಿ ಕೂತರೆ ಕಾಲಿಗೆ ಬೇರು ಬಿಡುವುದು ಖಂಡಿತ. ಇರುವ ಒಂದು ದಿನವೂ ಹೋದರೆ ಈ ಎರಡು ಕಾಲು ಇದ್ದೂ ಏನು ಮಾಡುವುದು, ಯಾರಿಗಾದರೂ ಕೊಟ್ಟುಬಿಡುವುದೇ ಲೇಸು ಎನ್ನಿಸಿತು.

ದೇವಿಕಾ ಪಾಪ, ಮಾವನ ಪಕ್ಷ. ಫೋನಿನಲ್ಲಿ ಹುಡುಕಿ ಒಂದು ಉಪಾಯ ತೆಗೆದಳು. "ಮಾವಾರ, ಹಸದ ಹೊಟ್ಟೀಲೆ ಸಂತಿಗೆ ಹೋಗಬಾರದಂತ್ರಿ. ಹೊಟ್ಟಿ ತುಂಬ ಉಂಡು ಹೋದ್ರ ಕಂಡದ್ದೆಲ್ಲ ತಗೋಬೇಕು ಅನಸೂದಿಲ್ಲಂತ."

ಮುದಿಯಪ್ಪನಿಗೆ ಇಷ್ಟು ಚಲೋ ಉಪಾಯ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಮೊದಲ ಸಂತೆಯ ಬೆಳಗ್ಗೆ ಐದು ರೊಟ್ಟಿ, ಒಂದು ಪರಾತ ಮಡಿಕೆಕಾಳಿನ ಪಲ್ಯ, ಮೇಲೆ ಮೊಸರು, ಶೇಂಗಾ ಚಟ್ನಿ ಉಂಡು ಹೊರಟ. ಮನೆಯಲ್ಲಿ ಉಳಿದವರಿಗೆ ಮಧ್ಯಾಹ್ನಕ್ಕೆ ಮತ್ತೆ ರೊಟ್ಟಿ ಬಡಿಯಬೇಕಾಯಿತು. ಸಂತೆಯಲ್ಲಿ ಮಿರ್ಚಿ ನೋಡಿದರೆ ಖರೇನೇ ಆಸೆಯಾಗಲಿಲ್ಲ, ಹೊಟ್ಟೆ ಭಾರವಾಗಿತ್ತು. ಅದು ಇಳಿಯಲೆಂದು ಎರಡು ಜೀರಿಗೆ ಸೋಡಾ ಕುಡಿದ. ಸೋಡಾ ಕುಡಿದ ಮೇಲೆ ಹೊಟ್ಟೆ ಖಾಲಿಯಾದಂತೆ ಆಗಿ ಯಮನೂರನ ಬಂಡಿಗೆ ಬಂದ. ಹಾಗಾಗಿ ಆ ವಾರದ ಖರ್ಚಿಗೆ ಸೋಡಾದ ದುಡ್ಡೂ ಸೇರಿತು.

ಎರಡನೆಯ ಸಂತೆಗೆ ದೇವಿಕಾ ಚೀಟಿ ಬರೆದುಕೊಟ್ಟಳು. ಮುತ್ತಿನಂಥ ಅಕ್ಷರ. "ಇದರಾಗ ಇದ್ದಷ್ಟ ತರ್ರಿ ಮಾವಾರ." ಮುದಿಯಪ್ಪ ಚೀಟಿಯನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದ. ಯಮನೂರ ಅಂದು ಕಾಗದ ಮುಗಿದಿದೆ ಎಂದ. ಬಿಸಿ ಮಿರ್ಚಿಯನ್ನು ಬರಿಗೈಯಲ್ಲಿ ಹಿಡಿಯುವುದು ಹೇಗೆ? ಮುದಿಯಪ್ಪ ಟೊಪ್ಪಿಗೆ ಎತ್ತಿ ಚೀಟಿ ಕೊಟ್ಟ. ನಾಲ್ಕು ಮಿರ್ಚಿ ಕೂತೆದ್ದ ಮೇಲೆ ಚೀಟಿ ಗಾಜಿನಂತಾಯಿತು. ಅದರ ಮೂಲಕ ಗುಡ್ಡ ಕಾಣುತ್ತಿತ್ತು, ಗುಡ್ಡದ ಮೇಲಿನ ಕೋಟೆ ಕಾಣುತ್ತಿತ್ತು, ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಉಳಿದದ್ದನ್ನು ಅಂದಾಜಿನ ಮೇಲೆ ತಂದ. ಮನೆಯಲ್ಲಿ ಉಪ್ಪು ಮುಗಿದಿತ್ತು. ಆತ ಕರದಂಟು ತಂದಿದ್ದ.

"ಇನ್ನ ಎರಡು," ಎಂದಳು ಕಳಕವ್ವ.

ಆ ವಾರ ಮುದಿಯಪ್ಪ ನೇಯ್ದ ಸೀರೆಯಲ್ಲಿ ತಪ್ಪುಗಳು ಬಂದವು. ತಪ್ಪು ಬಂದರೆ ಬಿಚ್ಚಬೇಕು. ಬಿಚ್ಚುತ್ತ ಕೂತಾಗ ಕಳಕವ್ವನೇ ದಾರಿ ತೋರಿಸಿದಳು. ಆಕೆಗೂ ಒಳಗೆ ಗಂಡ ಸಂತೆ ಬಿಟ್ಟು ಕೂರುವುದು ಬೇಕಿರಲಿಲ್ಲ, ಏಳೂ ದಿನ ಇವನ ಮುಖ ನೋಡುವುದು ಯಾರಿಗೆ ಬೇಕು? ನೂಲಿನ ಬುಟ್ಟಿಯಿಂದ ತುಂಡುಗಳನ್ನು ಆರಿಸಿದಳು. ಹಳದಿ ತೊಗರಿಬೇಳೆಗೆ, ಕೆಂಪು ಖಾರದಪುಡಿಗೆ, ಬಿಳಿ ಸಕ್ಕರೆಗೆ, ಕಂದು ಬೆಲ್ಲಕ್ಕೆ, ಕರಿ ಚಹಾಪುಡಿಗೆ, ಹಸಿರು ಕಾಯಿಪಲ್ಲೆಗೆ. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ಎಷ್ಟು ಕಿಲೋ ಬೇಕೋ ಅಷ್ಟು ಗಂಟು ಹಾಕಿ ಒಂದು ಉದ್ದ ದಾರ ಮಾಡಿದಳು.

"ಒಂದು ಸಾಮಾನು ತಗೊಂಡ್ರ ಅದರ ಗಂಟು ಕಡೀರಿ. ದಾರ ಮುಗೀತು, ಸಂತಿ ಮುಗೀತು. ನೀವು ತಲಿ ಓಡಿಸಬ್ಯಾಡ್ರಿ. ನೂಲು ಹೇಳಿದಷ್ಟ ತರ್ರಿ."

ಮನುಷ್ಯ ಹೇಳಿದ್ದನ್ನು ಮುದಿಯಪ್ಪ ಮರೆಯಬಹುದು. ನೂಲು ಹೇಳಿದ್ದನ್ನು ಮೀರಲಾರ. ಮೂರನೆಯ ಸಂತೆಗೆ ದಾರವನ್ನು ಮುಂಗೈಗೆ ಸುತ್ತಿಕೊಂಡು ಹೋದ. ಕಿರಾಣಿ ಅಂಗಡಿಯ ಬಾಷಾಸಾಬ ಬೇಳೆ ತೂಗಿ ಕೊಟ್ಟ ಕೂಡಲೆ ಹಳದಿ ಗಂಟನ್ನು ಹಲ್ಲಿನಿಂದ ಕಡಿದ. ಸಕ್ಕರೆ, ಕಡಿದ. ಬೆಲ್ಲ, ಕಡಿದ. ಯಮನೂರನ ಬಂಡಿಯ ಮುಂದೆ ಬಂದು ದಾರ ನೋಡಿದ. ಮಿರ್ಚಿಯ ಬಣ್ಣ ಅದರಲ್ಲಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಮುಂದೆ ಹೋದ. ಒಂದೂವರೆ ತಾಸಿನಲ್ಲಿ ಮನೆಗೆ ಬಂದಾಗ ಚೀಲ ಎಷ್ಟು ತೆಳ್ಳಗಿತ್ತೆಂದರೆ ಓಣಿಯ ನಾಯಿಗಳು ಇವನು ಮುದಿಯಪ್ಪನಲ್ಲ ಎಂದು ಒಳಗೆ ಬಿಡಲೊಲ್ಲವಾದವು.

ಸುದ್ದಿ ಹರಡಿತು. ಬಗಲಿನ ಮನೆಯ ನೇಕಾರ ಹಾಲಸಿದ್ದಪ್ಪ, ಚಹಾದ ವಾಸನೆ ಬಂದಲ್ಲಿ ತಪ್ಪದೆ ಇರುವ ಮನುಷ್ಯ, ಬಂದು ದಾರ ಮುಟ್ಟಿ ನೋಡಿ ಹೋದ. ವಾರದೊಳಗೆ ಓಣಿಯ ಅರ್ಧ ಗಂಡಸರ ಮುಂಗೈಯಲ್ಲಿ ದಾರ. ಅರಿಯದವರು ಯಾವುದೋ ದೇವರ ಹರಕೆಯೆಂದು ಕೈ ಮುಗಿಯುತ್ತಿದ್ದರು. ಮುದಿಯಪ್ಪ ಕುಣಿಯಲ್ಲಿ ಕೂತೇ ಒಂದು ಗೇಣು ಎತ್ತರವಾದ.

ನಾಲ್ಕನೆಯ ಸಂತೆಗೆ ಹೊರಡುವಾಗ ಹೊಸ ಅಂಗಿಯ ತೋಳಿಗೆ ನೂಲಿನ ಬಣ್ಣ ಹತ್ತಬಾರದೆಂದು ದಾರವನ್ನು ಕಿಸೆಗೆ ಹಾಕಿಕೊಂಡ. ಆಪತ್ತು ಬಂದದ್ದು ಅಲ್ಲಿಂದ.

ನೇಕಾರ ನೂಲಿನ ತುಂಡನ್ನು ಬೀದಿಗೆ ಎಸೆಯುವುದಿಲ್ಲ. ಬೇಳೆ ತೆಗೆದುಕೊಂಡ, ಗಂಟು ಕಡಿದ, ಕಡಿದ ತುಂಡನ್ನು ಅದೇ ಕಿಸೆಗೆ ಹಾಕಿದ. ಮುಂದೆ ಯಮನೂರನ ಬಂಡಿ. ಎಣ್ಣೆಯಲ್ಲಿ ಮಿರ್ಚಿ ಬೀಳುವ ಸಪ್ಪಳಕ್ಕೆ ಮುದಿಯಪ್ಪನ ಕೈ ತಾನಾಗಿ ಮುಂದೆ ಚಾಚಿತು. ಈ ಕೈಯನ್ನು ನಂಬುವ ಹಾಗಿಲ್ಲ ಎಂದು ಎರಡೂ ಕೈಗಳನ್ನು ಕಿಸೆಯೊಳಗೆ ತುರುಕಿ, ಕಣ್ಣು ಮುಚ್ಚಿ, ಕಾಲಕಾಲೇಶ್ವರನನ್ನು ನೆನೆಯುತ್ತ ನಿಂತ.

"ಯಾಕ ಅಣ್ಣಾರ, ಚಳಿ ಹತ್ತೇತೇನು?" ಎಂದ ಯಮನೂರ.

"ಮಾತಾಡಿಸಬ್ಯಾಡಪ. ಪ್ರಾರ್ಥನಿ ನಡದೈತಿ."

ಪ್ರಾರ್ಥನೆ ಮೇಲೆ ನಡೆದಿತ್ತು. ಕಿಸೆಯೊಳಗೆ ಬೇರೆಯದೇ ನಡೆದಿತ್ತು. ನಲವತ್ತು ವರ್ಷದಿಂದ ಕಡಿದ ಎಳೆ ಸಿಕ್ಕ ಕೂಡಲೆ ಕೂಡಿಸುತ್ತ ಬಂದ ಬೆರಳುಗಳು ಅವು. ಮಗ್ಗದ ಮೇಲೆ ಎಳೆ ಕಡಿದರೆ ಕಣ್ಣಿಗೆ ಕಾಣುವ ಮೊದಲೇ ಬೆರಳು ಗಂಟು ಹಾಕಿ ಮುಗಿಸಿರುತ್ತದೆ. ಆ ಬೆರಳುಗಳಿಗೆ ಕತ್ತಲೆಯಲ್ಲಿ ನೂಲಿನ ಎರಡು ತುದಿ ಸಿಕ್ಕವು. ಮುದಿಯಪ್ಪನನ್ನು ಒಂದು ಮಾತೂ ಕೇಳದೆ ಅವು ಕಡಿದ ತುಂಡನ್ನು ದಾರದ ಬಾಲಕ್ಕೆ ಕಟ್ಟಿಬಿಟ್ಟವು.

ಸಂತೆಯ ಯಾವ ಸಾಲಿಗೆ ಹೋಗಬೇಕಾದರೂ ಯಮನೂರನ ಬಂಡಿ ದಾಟಬೇಕು. ಪ್ರತಿ ಸಲ ಕೈ ಕಿಸೆಗೆ, ಪ್ರತಿ ಸಲ ಪ್ರಾರ್ಥನೆ, ಪ್ರತಿ ಸಲ ಗಂಟು. ಸಕ್ಕರೆ ತೆಗೆದುಕೊಂಡು ಬಂದು ದಾರ ಎಳೆದು ನೋಡಿದರೆ ಬೇಳೆ ಬಾಕಿ ಇದೆ. ಬೇಳೆ ತಂದು ನೋಡಿದರೆ ಸಕ್ಕರೆ ಬಾಕಿ ಇದೆ. ಇದೇನು ಇಷ್ಟು ಉದ್ದ ಎಂದು ಒಮ್ಮೆ ಅನ್ನಿಸಿತು. ಆದರೆ ತಲೆ ಓಡಿಸಬಾರದೆಂದು ಮಾತಾಗಿತ್ತು. ಮನೆಯಲ್ಲಿ ಏನೋ ಕಾರ್ಯ ಇಟ್ಟುಕೊಂಡಿರಬೇಕು, ತನಗೆ ಹೇಳಿಲ್ಲ, ಹೆಂಗಸರು ಹೇಳುವುದು ಯಾವಾಗ ಎಂದುಕೊಂಡು ನೂಲು ಹೇಳಿದಂತೆ ತೆಗೆದುಕೊಳ್ಳುತ್ತ ಹೋದ. ಬಾಷಾಸಾಬ ಮೂರನೆಯ ಸಲ ಚಹಾಪುಡಿ ಕಟ್ಟುವಾಗ ಕೇಳಿಯೇ ಕೇಳಿದ.

"ಮುದಿಯಪ್ಪಣ್ಣ, ಹೋಟೆಲ್ ಇಡಾವರೇನು?"

"ನೂಲು ಹೇಳೇತಿ ಸಾಬ್ರ. ನಂದೇನೈತಿ ಇದರಾಗ."

ಬೆಳಗ್ಗೆ ಹೋದವನು ಸಂಜೆಯ ಹೊತ್ತಿಗೆ ಆಟೋದಲ್ಲಿ ಬಂದ. ಚೀಲ ಸಾಲದೆ ಮೂರು ಗೋಣಿಚೀಲ. ಮುದಿಯಪ್ಪ ಮಾತ್ರ ಒಂದು ಮಿರ್ಚಿಯನ್ನೂ ಮುಟ್ಟದ ಪುಣ್ಯಾತ್ಮನ ಮುಖ ಹೊತ್ತು ಇಳಿದ.

"ಖಾರದಪುಡಿನ ಆರು ಕಿಲೋ," ಎಂದಳು ದೇವಿಕಾ, ದನಿ ಉಡುಗಿ. "ಇಷ್ಟು ಖಾರ ತಿಂದ್ರ ನಾವು ನಾಕೂ ಮಂದಿ ರಾಕೆಟ್ ಆಗತೇವ್ರಿ ಮಾವಾರ."

"ದಾರ ಇನ್ನೂ ಮುಗಿದಿಲ್ಲ," ಎಂದ ಮುದಿಯಪ್ಪ ಹೆಮ್ಮೆಯಿಂದ. "ರೊಕ್ಕ ಮುಗೀತು, ಅದಕ ಬಂದೆ."

ಕಳಕವ್ವ ದಾರ ಇಸಿದುಕೊಂಡು ಬೆಳಕಿಗೆ ಹಿಡಿದಳು. ಬೆರಳಿನಿಂದ ಒಂದೊಂದೇ ಗಂಟು ಸವರಿದಳು. ಬೇರೆಯವರಿಗೆ ಅಕ್ಷರ ನೋಡಿದರೆ ಯಾರು ಬರೆದದ್ದೆಂದು ತಿಳಿಯುವಂತೆ ಆಕೆಗೆ ಗಂಟು ಮುಟ್ಟಿದರೆ ಯಾರ ಕೈಯದೆಂದು ತಿಳಿಯುತ್ತಿತ್ತು.

"ಇದು ನನ್ನ ಗಂಟಲ್ಲ. ಇಷ್ಟು ಸಣ್ಣ, ಇಷ್ಟು ಬಿಗಿ, ಇದು ನಿಮ್ಮದು."

ಮುದಿಯಪ್ಪ ದಾರ ನೋಡಿದ, ತನ್ನ ಬೆರಳು ನೋಡಿದ. ಬೆರಳುಗಳು ಏನೂ ಅರಿಯದವರಂತೆ ಸುಮ್ಮನಿದ್ದವು.

"ಸಂತಿ ನಾಕು ಆದವು," ಎಂದು ಕಳಕವ್ವ ಚೀಲ ಎತ್ತಿಕೊಂಡು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಐದನೆಯ ಸಂತೆಯ ದಿನ ಮುದಿಯಪ್ಪ ಕುಣಿಯಲ್ಲಿ ಕೂತ. ಹೊರಗೆ ಓಣಿಯೆಲ್ಲ ಸಂತೆಗೆ ಹರಿದು ಹೋಗುತ್ತಿತ್ತು. ಕೆಳಗೆ ಕಾಲುಗಳು ಸಂತೆ ದಿನವೆಂದು ತಿಳಿದು ತಾವೇ ನಡೆಯತೊಡಗಿ, ಹಲಗೆ ಅಡ್ಡಾದಿಡ್ಡಿ ತುಳಿದು, ಸೀರೆಯ ಅಂಚಿನಲ್ಲಿ ಯಾರೂ ಕಂಡರಿಯದ ಒಂದು ಹೊಸ ವಿನ್ಯಾಸ ಹುಟ್ಟಿತು. ಕಿಟಕಿಯಲ್ಲಿ ಹಾಲಸಿದ್ದಪ್ಪ ಇಣುಕಿದ.

"ಯಾಕೋ ಮುದಿಯಪ್ಪ, ಸಂತಿಗೆ ಬರಂಗಿಲ್ಲೇನು?"

"ಕೆಲಸ ಐತಿ," ಎಂದ. ಆ ಎರಡು ಶಬ್ದ ಹೇಳುವುದಕ್ಕೆ ಎರಡು ಮಣದ ಕಲ್ಲು ಎತ್ತಿದಷ್ಟು ದಣಿವಾಯಿತು.

ಕಳಕವ್ವ ಒಂದೇ ತಾಸಿನಲ್ಲಿ ತಿರುಗಿ ಬಂದಳು. ಚೀಲದಲ್ಲಿ ಬೇಕಾದಷ್ಟೇ ಸಾಮಾನು. ಆದರೆ ಗೆದ್ದು ಬಂದವಳ ಮುಖ ಅದಾಗಿರಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮಗ್ಗದ ಪಕ್ಕ ಕೂತಳು.

"ಏನ್ರಿ ನಿಮ್ಮ ದೋಸ್ತಿ! ಸಂತಿ ತುಂಬ ಒಂದ ಮಾತು, ಅಣ್ಣಾರ ಎಲ್ಲಿ, ಅಣ್ಣಾರ ಎಲ್ಲಿ. ಮೂವತ್ತು ವರ್ಷದಾಗ ಒಂದು ಸಂತಿ ತಪ್ಪಿಸಿಲ್ಲಂತ. ನಾ ಏನಂತ ಹೇಳಲಿ? ಕುಣ್ಯಾಗ ಕುಂಡರಿಸಿ ಬಂದೇನಂತ ಹೇಳಲೇನು?"

"ಏನ್ ಹೇಳಿದಿ?"

"ಹೊಟ್ಟಿ ಸರಿ ಇಲ್ಲ ಅಂದೆ."

"ಯಾರ ಮುಂದ?"

"ಯಮನೂರನ ಮುಂದ. ಆಂವ ತನ್ನ ಮಿರ್ಚಿಯಿಂದ ಹಿಂಗಾತಂತ ತಲಿಮ್ಯಾಲ ಕೈ ಹೊತ್ತು ಕುಂತ. ಸಮಾಧಾನ ಮಾಡಾಕ ಇನ್ನೊಂದಿಷ್ಟು ಹೇಳಬೇಕಾತು. ನಿನ್ನ ಮಿರ್ಚಿ ಅಲ್ಲಪ, ಡಾಕ್ಟರು ಕರದದ್ದು, ಸಿಹಿ, ಹೊರಗಿಂದು ಏನೂ ಮುಟ್ಟಬ್ಯಾಡ ಅಂದಾರ, ಪಥ್ಯ ಐತಿ ಅಂದೆ."

ಕಳಕವ್ವ ಆಡಿದ ಸುಳ್ಳು ಇಷ್ಟೇ. ಅದು ಯಮನೂರನ ಬಂಡಿ ಬಿಡುವಾಗ ಹೊಟ್ಟೆನೋವಾಗಿತ್ತು. ಬಾಷಾಸಾಬನ ಅಂಗಡಿ ಮುಟ್ಟುವಾಗ ಕಾಮಾಲೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಮುದಿಯಪ್ಪನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು. ರಾಜೂರಿನ ಬಸ್ಸು ಹತ್ತುವ ಹೊತ್ತಿಗೆ ಹುಬ್ಬಳ್ಳಿಯವರು ಕೈಚೆಲ್ಲಿ ಮನೆಗೆ ಕಳಿಸಿದ್ದರು.

ಸಂಜೆಯಿಂದ ಮಂದಿ ಬರತೊಡಗಿದರು. ಮೊದಲು ಯಮನೂರ, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು. ಬಾಗಿಲಲ್ಲಿ ಅವನ ದನಿ ಕೇಳಿದ್ದೇ ಕಳಕವ್ವ ಗಂಡನನ್ನು ಕುಣಿಯಿಂದ ಎಬ್ಬಿಸಿ, ಹಾಸಿಗೆಯ ಮೇಲೆ ಕೆಡವಿ, ಕೌದಿ ಹೊದಿಸಿದಳು.

"ನಾ ಎದ್ದು ಖರೇ ಹೇಳ್ತೇನಿ," ಎಂದ ಮುದಿಯಪ್ಪ ಕೌದಿಯೊಳಗಿಂದ.

"ಏನಂತ ಹೇಳ್ತೀರಿ? ಹೆಂಡ್ತಿ ಸಂತಿ ಬಿಡಿಸ್ಯಾಳ ಅಂತ ಹೇಳ್ತೀರಿ?"

ಮುದಿಯಪ್ಪ ಕೌದಿಯನ್ನು ಮೀಸೆಯವರೆಗೆ ಎಳೆದುಕೊಂಡು ನರಳಿದ.

ಬೇನೆ ಬಿದ್ದವರನ್ನು ನೋಡಲು ಬಂದವರಿಗೆ ಚಹಾ ಕೊಡದೆ ಕಳಿಸಿದರೆ ಆ ಮನೆಯ ಮಾನ ಉಳಿಯುವುದುಂಟೆ? ಬರಿ ಚಹಾ ಹೇಗೆ ಕೊಡುವುದು, ಜೊತೆಗೆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಒಂದು ತಾಟು ಸೂಸಲ. ದೂರದಿಂದ ಬಂದವರಿಗೆ ಊಟ. ರಾಜೂರಿನ ನಂಟರು ಟಂಟಂ ಗಾಡಿ ಮಾಡಿಕೊಂಡು ಬಂದರು. ಬೆಳವಣಕಿಯ ಬೀಗರು ಹೊಳೆಆಲೂರಿನ ಬೀಗರನ್ನು ಕರೆದುಕೊಂಡು ಬಂದರು. ಬಂದವರು ರೋಗಿಯ ಕೈ ಹಿಡಿದು, ಇಂಥದೇ ಬೇನೆಯಿಂದ ತಮ್ಮ ಊರಿನಲ್ಲಿ ಯಾರು ಯಾರು ಹೋದರು ಎಂಬುದನ್ನು ಸಾವಕಾಶವಾಗಿ ಹೇಳಿ ಧೈರ್ಯ ತುಂಬಿ ಹೋದರು. ಹಾಲಸಿದ್ದಪ್ಪನಂತೂ ದಿನಕ್ಕೆ ನಾಲ್ಕು ಸಲ ಬಂದ.

"ಹ್ಯಾಂಗದೀಯೋ? ಸ್ವಲ್ಪ ಕಳೆ ಬಂದೈತಿ," ಎನ್ನುತ್ತ ಅಡಿಗೆಮನೆಯ ಕಡೆ ಕುತ್ತಿಗೆ ಚಾಚುವನು. "ಸಕ್ಕರಿ ಒಂದೀಟು ಜಾಸ್ತಿ ಹಾಕವಾ ದೇವಿಕಾ."

ನಾಲ್ಕನೆಯ ಸಂತೆಯಲ್ಲಿ ನೂಲಿನ ಮಾತು ಕೇಳಿ ತಂದ ಸಕ್ಕರೆ ಮೂರು ದಿನಕ್ಕೆ ಮುಗಿಯಿತು. ಚಹಾಪುಡಿ ನಾಲ್ಕು ದಿನಕ್ಕೆ. ಆರು ಕಿಲೋ ಖಾರದಪುಡಿ ಮಾತ್ರ ಬೀಗರ ಬಾಯಿಯಲ್ಲಿಯೂ ಕರಗದೆ ಉಳಿಯಿತು. ಬಾಳೆಹಣ್ಣು ಒಂಬತ್ತು ಡಜನ್ ಸೇರಿ, ಬ್ರೆಡ್ಡಿನ ಪೊಟ್ಟಣಗಳು ಗೋಡೆಯಂತೆ ಎದ್ದು, ಪಕ್ಕದ ಮನೆಯ ಆಡು ಬಾಳೆಹಣ್ಣು ನೋಡಿದರೆ ಮುಖ ತಿರುಗಿಸತೊಡಗಿತು. ಇಷ್ಟೆಲ್ಲದರ ನಡುವೆ ಮುದಿಯಪ್ಪನಿಗೆ ಸಿಕ್ಕದ್ದು ಗಂಜಿ. ಪಕ್ಕದಲ್ಲಿ ಕೂತ ಬೀಗರು ಸೂಸಲ ಮೆಲ್ಲುತ್ತ, "ಪಥ್ಯ ಬಿಡಬ್ಯಾಡ್ರಿ," ಎಂದು ಬುದ್ಧಿ ಹೇಳುತ್ತಿದ್ದರು. ಮಗ್ಗ ನಿಂತಿತ್ತು. ರೋಗಿಯ ಮನೆಯಲ್ಲಿ ಟಕ್‌ಟಕ್ ಸಪ್ಪಳ ಬಂದರೆ ಮಂದಿ ಏನೆಂದಾರು?

ಆರನೆಯ ದಿನ ದೇವಿಕಾ ಫೋನು ಹಿಡಿದು ಕೂತಳು. ಈ ಸಲ ಒಂದೇ ಸಲ ಕೂಡಿಸಿದಳು, ಎರಡನೆಯ ಸಲ ಕೂಡಿಸುವ ಧೈರ್ಯವಾಗಲಿಲ್ಲ.

"ಅತ್ತಿ, ಮಾವಾರು ಸಂತಿಗೆ ಹೋಗಿ ತಿಂಗಳಾನಗಟ್ಟಲೆ ಮಾಡಿದ ಖರ್ಚನ್ನ, ಮಲಕೊಂಡು ಆರ ದಿನದಾಗ ಮಾಡ್ಯಾರ."

ಕಳಕವ್ವ ಚಹಾದ ಪಾತ್ರೆ ಕೆಳಗಿಟ್ಟಳು. ಆಮೇಲೆ ಟ್ರಂಕು ತೆಗೆದಳು. ಚೀಲವನ್ನು ಝಾಡಿಸಿ ಗಂಡನ ಎದೆಯ ಮೇಲೆ ಎಸೆದಳು.

"ಏಳ್ರಿ. ನಾಳೆ ಸಂತಿಗೆ ನೀವ ಹೋಗ್ರಿ. ಎಲ್ಲಾರ ಮುಂದ ನಡದು ತೋರಿಸ್ರಿ. ಇನ್ನೊಂದು ವಾರ ನೀವು ಹಿಂಗ ಮಲಗಿದ್ರ ನಾವು ಮಗ್ಗ ಮಾರಿ ಚಹಾ ಕಾಸಬೇಕಾಗತೈತಿ."

ಮುದಿಯಪ್ಪ ಕೌದಿಯಿಂದ ಎಷ್ಟು ಜೋರಾಗಿ ಎದ್ದನೆಂದರೆ, ಅದೇ ಹೊತ್ತಿಗೆ ನೋಡಲು ಬಂದ ಹಾಲಸಿದ್ದಪ್ಪ ಹೊಸಿಲಲ್ಲೇ ಕೂತುಬಿಟ್ಟ.

ಮರುದಿನ ಧೋತರ, ಬಿಳಿ ಅಂಗಿ, ಟೊಪ್ಪಿಗೆ. ಕಳಕವ್ವ ಹೊಸ ದಾರ ಕೊಟ್ಟಳು. "ಕಡದ ತುಂಡು ಕಿಸೆದಾಗ ಹಾಕಬ್ಯಾಡ್ರಿ. ಆಯಾ ಅಂಗಡಿಯಾಗ ಬಿಟ್ಟು ಬರ್ರಿ." ನಾಯಿಗಳು ಬೊಗಳಿದವು. ಕಾಲಿಗೆ ಧೂಳು ಹತ್ತಿತು. ಮೊದಲ ಹತ್ತು ಹೆಜ್ಜೆ ಮುದಿಯಪ್ಪ ನಡೆದನೋ ತೇಲಿದನೋ ಹೇಳುವುದು ಕಷ್ಟ. ಸಂತೆ ಅವನನ್ನು ಕಂಡು ಎದ್ದು ನಿಂತಿತು. ಬಾಷಾಸಾಬ ತಕ್ಕಡಿ ಬಿಟ್ಟು ಬಂದು ಕೈ ಹಿಡಿದ. ಬದನೆಕಾಯಿಯವಳು ಸೆರಗಿನಿಂದ ಕಣ್ಣೊರೆಸಿದಳು. ಮುದಿಯಪ್ಪ ಎಲ್ಲ ಸಾಲುಗಳಲ್ಲಿಯೂ ತಿರುಗಿದ, ಬೇಕಾದ ಸಾಲಿನಲ್ಲಿ ಎರಡು ಸಲ, ಬೇಡದ ಸಾಲಿನಲ್ಲಿ ಮೂರು ಸಲ. ಕಡೆಗೆ ಯಮನೂರನ ಬಂಡಿಯ ಮುಂದೆ ನಿಂತ. ಆರು ದಿನದ ಗಂಜಿ ಒಳಗಿನಿಂದ ಕೂಗುತ್ತಿತ್ತು. ದಾರ ಏನಾದರೂ ಹೇಳಲಿ, ಒಂದು ಪ್ಲೇಟು ತಿಂದೇ ಬಿಡುವುದು ಎಂದು ನಿರ್ಧಾರವಾಯಿತು.

"ಯಮನೂರ, ಒಂದು ಪ್ಲೇಟು ಹಾಕಪ."

ಯಮನೂರ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಎರಡೂ ಕೈ ಜೋಡಿಸಿದ. "ಅಣ್ಣಾರ, ಕಾಲಿಗೆ ಬೀಳ್ತೇನಿ. ನಿಮಗ ಪಥ್ಯ ಐತಿ."

"ಆರಾಮಾಗೇತೋ!"

"ಆರಾಮಾಗೇತಿ ಅಂತ ಮತ್ತ ಕೆಡಿಸ್ಕೋತೀರಿ? ಕಳಕವ್ವ ವೈನಿ ಕೈಯಾಗ ಒಂದು ವರ್ಷದ ಪಥ್ಯ ಕೊಟ್ಟಾರಂತ ಡಾಕ್ಟರು. ನನ್ನ ಕೈಲೆ ನಿಮ್ಮನ್ನ ಕಳಕೊಳ್ಳೂದು ಆಗೂದಿಲ್ಲ."

ಒಂದು ವರ್ಷ! ಮುದಿಯಪ್ಪ ಜಿಲೇಬಿಯವನ ಕಡೆ ತಿರುಗಿದ. ಜಿಲೇಬಿಯವನು ತಟ್ಟೆಯ ಮೇಲೆ ಬಟ್ಟೆ ಮುಚ್ಚಿದ. ಕರದಂಟಿನವನು ಕಂಡ ಕೂಡಲೆ ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿದ. ಗಿರಮಿಟ್ಟಿನವನು ನಾಲ್ಕು ಮಂದಿಯನ್ನು ಕೂಡಿಸಿ ಪಥ್ಯದ ಮಹತ್ವದ ಮೇಲೆ ಭಾಷಣ ಮಾಡಿದ. ಬದನೆಕಾಯಿಯವಳು ಕೂಡ, "ಬದನಿಕಾಯಿ ನಂಜು ಎಪ್ಪಾ, ಮುಟ್ಟಬ್ಯಾಡ್ರಿ," ಎಂದು ಗುಂಪಿಗಳನ್ನು ಹಿಂದೆ ಸರಿಸಿದಳು. ಇಡೀ ಸಂತೆಯಲ್ಲಿ ಅವನಿಗೆ ಕೊಡಲು ಒಪ್ಪಿದ್ದು ಉಪ್ಪು, ಬೇಳೆ ಮತ್ತು ಉಪದೇಶ. ಖರೇ ಹೇಳಿಬಿಡೋಣವೆಂದು ಬಾಯಿಯವರೆಗೆ ಬಂತು. ಹೇಳಿದರೆ ಹೆಂಡತಿ ಕುಣಿಯಲ್ಲಿ ಕೂಡಿಹಾಕಿದ ಕಥೆಯನ್ನೂ ಹೇಳಬೇಕು, ಅದು ಮಿರ್ಚಿ ಬೇಯುವ ಮೊದಲೇ ಊರೆಲ್ಲ ಮುಟ್ಟುತ್ತದೆ. ಬಾಯಿ ಮುಚ್ಚಿಕೊಂಡ.

ಮನೆಗೆ ಬಂದಾಗ ದೇವಿಕಾ ಚೀಲ ಬಿಚ್ಚಿ, ದಾರ ನೋಡಿ, "ಹೆಚ್ಚು ಒಂದು ಬೆಂಕಿಪೊಟ್ಟಣಾನೂ ಇಲ್ಲ!" ಎಂದು ಹಿಗ್ಗಿದಳು. ಕಳಕವ್ವ ಚೀಲವನ್ನು ಟ್ರಂಕಿನಲ್ಲಿಡದೆ ಗೂಟಕ್ಕೆ ತೂಗುಹಾಕಿದಳು. ಮುದಿಯಪ್ಪ ಅದನ್ನು ನೋಡಿದ. ಚೀಲ ತನ್ನದೇ, ಸಂತೆಯೂ ತನ್ನದೇ. ಕುಣಿಯ ಅಂಚಿಗೆ ಕೂತು ಪಾದದ ಧೂಳು ಝಾಡಿಸುತ್ತ, ಹವಾದ ಮಾತು ಕೇಳುವವನಂತೆ ಕೇಳಿದ.

"ರೋಣದ ಸಂತಿ ಯಾವತ್ತ ಐತಿ?"

ಕಳಕವ್ವ ಕಂಡಿಕೆಯಿಂದ ತಲೆ ಎತ್ತಲಿಲ್ಲ. "ರೋಣದಾಗ ನಮ್ಮ ತಂಗಿ ಅದಾಳ."

"ನರಗುಂದದ್ದು?"

"ನರಗುಂದದಾಗ ನಮ್ಮಣ್ಣ ಅದಾನ. ಇಬ್ಬರಿಗೂ ಫೋನ್ ಮಾಡಿ ಪಥ್ಯ ಹೇಳೇನಿ."

ಎದುರಿನ ಮಗ್ಗದಿಂದ ಒಂದು ಸಪ್ಪಳ ಬಂತು. ಶರಣು ಊಟವಿಲ್ಲದೆಯೂ ಬಾಯಿ ತೆರೆದಿದ್ದ, ನಗುತ್ತಿದ್ದ. ಮುದಿಯಪ್ಪ ಅವನನ್ನು ದುರುಗುಟ್ಟಿ ನೋಡಿ, ಎರಡೂ ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟ. ದಣಿದಿದ್ದವು. ಆರು ದಿನ ಮಲಗಲಿ, ಏಳನೆಯ ದಿನ ಅವುಗಳ ಕೆಲಸ ಇದ್ದೇ ಇದೆ. ಆ ಆರು ದಿನದಲ್ಲಿ ವಿಚಾರ ಮಾಡುವುದಕ್ಕೆ ತನಗೂ ಒಂದು ವಿಷಯ ಸಿಕ್ಕಿತು. ಹೆಂಡತಿಯ ಕಡೆಯವರು ಒಬ್ಬರೂ ಇಲ್ಲದ ಊರು ಈ ಜಿಲ್ಲೆಯಲ್ಲಿ ಯಾವುದಿದೆ?